ಸೆರಗಿನ ಸಮುದ್ರ

ನವನಗರ, ಬಾಗಲಕೋಟೆ
೮ ಜೂನ್ ೨೦೨೫

ತಿಮ್ಮಣ್ಣ ಕಾಕಾ ಅವರಿಗೆ ಪ್ರಿಯದರ್ಶಿನಿಯ ನಮಸ್ಕಾರಗಳು.

ಫೋನ್ ಬಿಟ್ಟು ಕಾಗದ ಬರೆದಿದ್ದಾಳೆ ಅಂತ ಗಾಬರಿ ಆಗಬೇಡಿ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ನಿಮ್ಮ ಓಣಿಯ ಪವರ್‌ಲೂಮುಗಳ ಸದ್ದಿನಲ್ಲಿ ನಾನು ಹೇಳಿದ್ದು ನಿಮಗೆ ಅರ್ಧವೇ ಕೇಳುತ್ತದೆ. ಈ ಸಲದ ಮಾತಿನಲ್ಲಿ ಅಳತೆ ಇದೆ. ಅಳತೆ ತಪ್ಪಿದರೆ ನನ್ನ ಕಥೆ ಮುಗಿಯಿತು.

ವಿಷಯ ಇಷ್ಟು. ನಾನು, ನನ್ನ ಜೊತೆ ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವ ಸಪ್ನಾ, ಲ್ಯಾಬಿನ ಕೆಳಗೆ ಮೊಬೈಲ್ ರಿಪೇರಿ ಮಾಡುವ ಅಕೀಲ, ಮೂವರೂ ಕೂಡಿ ಹೊಸ ಆಟವೊಂದನ್ನು ಮೊದಲೇ ಬುಕ್ ಮಾಡಿದ್ದೇವೆ. ಇಂಗ್ಲಿಷಿನಲ್ಲಿ ಉದ್ದ ಹೆಸರಿದೆ, ನಾವು 'ನಾಲ್ಕು ಗಾಳಿ' ಅಂತ ಕರೆಯುತ್ತೇವೆ. ಹೆಬ್ಬೆರಳಿನಷ್ಟು ದೊಡ್ಡ ಹಡಗುಗಳನ್ನು ಮೇಜಿನ ಮೇಲೆ ಇಟ್ಟು, ಕೋಲಿನಿಂದ ಅಳೆದು ನಡೆಸಿ, ದಾಳ ಹಾಕಿ ಒಬ್ಬರ ಹಡಗನ್ನು ಒಬ್ಬರು ಮುಳುಗಿಸುವ ಆಟ. ಖರೆ ಹಡಗುಗಳಲ್ಲ, ಕಟ್ಟುಕಥೆಯವು. ಎಲುಬಿನಿಂದ ಕಟ್ಟಿದ ಹಡಗಿನ ದಂಡು ಒಂದು, ಬೆಂಕಿ ಉಗುಳುವುದು ಒಂದು, ಹಕ್ಕಿಗಳು ಎಳೆಯುವುದು ಒಂದು, ಆಮೆಯ ಬೆನ್ನ ಮೇಲೆ ಕೋಟೆ ಹೊತ್ತದ್ದು ಒಂದು. ಬಣ್ಣವಿಲ್ಲದೆ ಬರುತ್ತವೆ, ಬಣ್ಣ ನಾವೇ ಹಚ್ಚಬೇಕು. ದಿನಾ ಕಟ್ಟಿಸಿದ ಹಲ್ಲಿಗೆ ಬಣ್ಣ ಹೊಂದಿಸುವ ಕೈ ನಮ್ಮದು, ಅದರ ಚಿಂತೆಯಿಲ್ಲ.

ಪೆಟ್ಟಿಗೆಯಲ್ಲಿ ಏನೇನು ಬರುತ್ತದೆ ಅನ್ನುವ ಪಟ್ಟಿ ಮೂವರಿಗೂ ಬಾಯಿಪಾಠ ಆಗಿದೆ. ನಲವತ್ತು ಹಡಗು, ಹನ್ನೆರಡು ದಾಳ, ಗಾಳಿ ತೋರಿಸುವ ಚಕ್ರ, ಆರು ನಡುಗಡ್ಡೆ, ಅಳತೆಯ ಕೋಲು. ಇಷ್ಟೆಲ್ಲ ಕೊಟ್ಟು ಸಮುದ್ರ ಕೊಟ್ಟಿಲ್ಲ! ಮೇಜಿನ ಮೇಲೆ ಹಾಸುವ ಸಮುದ್ರವನ್ನು ಬೇರೆ ಕೊಳ್ಳಬೇಕಂತೆ, ಅದನ್ನು ನಮ್ಮ ದೇಶಕ್ಕೆ ಕಳಿಸುವುದಿಲ್ಲವಂತೆ.

ಕಾಕಾ, ನನಗೊಂದು ಸಮುದ್ರ ನೇಯ್ದು ಕೊಡುತ್ತೀರಾ? ಆರು ಫೂಟು ಉದ್ದ, ನಾಲ್ಕು ಫೂಟು ಅಗಲ. ಪೆಟ್ಟಿಗೆ ಆಗಸ್ಟ್ ಕೊನೆಗೆ ಬರುತ್ತದೆ. ಅಪ್ಪನನ್ನು ಕೇಳಿದೆ. "ತಿಮ್ಮ್ಯಾ ಸೀರಿ ನೇಯೋದ ಬಿಟ್ಟು ಸಮುದ್ರ ನೇಯ್ತಾನೇನ? ಕೇಳಿ ನೋಡು. ಬೈದರ ನನ್ನ ಹೆಸರ ಹೇಳಬ್ಯಾಡ" ಅಂದರು. ಹೇಳಿಬಿಟ್ಟೆ ನೋಡಿ.

ಶಾರವ್ವ ಚಿಗವ್ವಗೆ ನಮಸ್ಕಾರ ತಿಳಿಸಿ.

ನಿಮ್ಮ
ಪ್ರಿಯಾ


ಇಳಕಲ್
೧೪ ಜೂನ್ ೨೦೨೫

ಚಿ. ಪ್ರಿಯದರ್ಶಿನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಕಾಗದ ಮುಟ್ಟಿತು. ಓದಿ ಶಾರವ್ವಗೆ ಹೇಳಿದೆ. "ನಲವತ್ತಮೂರು ವರ್ಷ ಆತು ಸೀರಿ ನೇಯಾಕ ಹತ್ತಿ, ಒಬ್ಬರೂ ಸಮುದ್ರ ಕೇಳಿರಲಿಲ್ಲ ಬಿಡ್ರಿ" ಅಂತ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೇನೂ ನಗಲಿಲ್ಲ. ಗಿರಾಕಿ ಕೇಳಿದ್ದನ್ನು ನೇಯುವುದು ನಮ್ಮ ಕಸುಬು.

ನಮ್ಮ ಮಗ್ಗದ ಪನ್ನಾ ನಲವತ್ತೆಂಟು ಇಂಚು. ಅಂದರೆ ಸರಿಯಾಗಿ ನಾಲ್ಕು ಫೂಟು. ನಿನ್ನ ಸಮುದ್ರದ ಅಗಲ ನಮ್ಮ ಮಗ್ಗ ನೋಡಿಯೇ ಇಟ್ಟ ಹಾಗಿದೆ. ಬಣ್ಣ ಯಾವುದು ತಿಳಿಸು. ನಾನು ಸಮುದ್ರ ಕಂಡವನಲ್ಲ. ಕಂಡದ್ದೆಂದರೆ ನಿಮ್ಮ ಹಳೇ ಬಾಗಲಕೋಟೆಯ ಓಣಿಗಳ ಮೇಲೆ ನಿಂತ ಆಲಮಟ್ಟಿಯ ಹಿನ್ನೀರು. ಅದು ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಒಂದು ಬಣ್ಣ. ಹಾಸು ನೀಲಿ ಹಾಕಿ ಹೊಕ್ಕು ಹಸಿರು ಹೊಡೆದರೆ ಹಾಗೆಯೇ ಹೊಳೆಯುತ್ತದೆ. ಆಗಬಹುದೇ?

ಇನ್ನೊಂದು. ಈ ಹಡಗುಗಳು ಹೇಗೆ ನಡೆಯುತ್ತವೆ? ಒಂದೇ ದಿಕ್ಕಿಗೋ, ತಿರುಗುತ್ತವೋ? ಬಟ್ಟೆಯ ಮೇಲೆ ಏನು ಓಡಾಡುತ್ತದೆ ಅನ್ನುವುದು ನೇಯುವವನಿಗೆ ಗೊತ್ತಿರಬೇಕು. ಅದಕ್ಕೆ ಕೇಳಿದೆ, ಬೇರೆ ಏನಿಲ್ಲ.

ಇಂತಿ
ತಿಮ್ಮಣ್ಣ


ನವನಗರ, ಬಾಗಲಕೋಟೆ
೨೨ ಜೂನ್ ೨೦೨೫

ಕಾಕಾ,

ನೀಲಿಗೆ ಹಸಿರು! ಓದಿದ ಕೂಡಲೇ ಸಪ್ನಾ ಲ್ಯಾಬಿನಲ್ಲೇ ಕೂಗಿಬಿಟ್ಟಳು. ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ಅಜ್ಜಿಯೊಬ್ಬರು ಗಪ್ಪನೆ ಬಾಯಿ ಮುಚ್ಚಿಕೊಂಡರು. ಹಲ್ಲಿನ ಅಚ್ಚು ಮತ್ತೊಮ್ಮೆ ತೆಗೆಯಬೇಕಾಯಿತು.

ಇದರ ಜೊತೆ ನನ್ನ ನೋಟ್‌ಬುಕ್ ಇಟ್ಟಿದ್ದೇನೆ. ಆಟದ ನಿಯಮಗಳನ್ನು ಕಂಪನಿಯವರು ಮುಂಚೆಯೇ ಬಿಟ್ಟಿದ್ದಾರೆ, ಪೂರ್ತಿ ಕನ್ನಡಕ್ಕೆ ಇಳಿಸಿದ್ದೇನೆ. ನಿಮಗೆ ಬೇಕಾದ ಅಳತೆ ಏಳನೇ ಪುಟದಲ್ಲಿದೆ. ಉಳಿದದ್ದನ್ನು ಓದುವ ತ್ರಾಸು ತೆಗೆದುಕೊಳ್ಳಬೇಡಿ. ಒಂದು ವಾರದಲ್ಲಿ ತಿರುಗಿ ಕಳಿಸಿ, ನಮ್ಮ ಹತ್ತಿರ ಇರುವುದು ಅದೊಂದೇ ಪ್ರತಿ.

ಒಂದು ತೊಂದರೆ ಇದೆ. ಆಟಕ್ಕೆ ನಾಲ್ವರು ಬೇಕು, ನಾವು ಮೂವರೇ. ಎಲುಬಿನ ದಂಡು ನನ್ನದು, ಬೆಂಕಿ ಅಕೀಲನದು, ಹಕ್ಕಿ ಸಪ್ನಾಳದು. ಆಮೆ ದಂಡು ಯಾರಿಗೂ ಬೇಡ, ಭಾಳ ನಿಧಾನ. ಕೇಳಿದವರೆಲ್ಲ ಮೊಬೈಲಿನಲ್ಲಿ ಆಡೋಣ ಅನ್ನುತ್ತಾರೆ. ಇಷ್ಟು ದೊಡ್ಡ ಜಿಲ್ಲೆಯಲ್ಲಿ ನಾಲ್ಕನೆಯವರೊಬ್ಬರು ಸಿಗುವುದಿಲ್ಲ ಅಂದರೆ ನಾಚಿಕೆ.

ಪ್ರಿಯಾ


ಇಳಕಲ್
೩ ಜುಲೈ ೨೦೨೫

ಚಿ. ಪ್ರಿಯದರ್ಶಿನಿಗೆ ಆಶೀರ್ವಾದಗಳು.

ಹಾಸು ಏರಿಸಿದ್ದೇನೆ. ಮೊದಲ ಒಂದು ಗೇಣು ನೇಯ್ದೂ ಆಯಿತು. ಕಿಟಕಿಯ ಬಿಸಿಲು ಬಿದ್ದಾಗ ಶಾರವ್ವ ಕಂಡಿಕಿಗೆ ನೂಲು ಸುತ್ತುವುದನ್ನು ಬಿಟ್ಟು ನೋಡುತ್ತಾ ಕೂರುತ್ತಾಳೆ.

ನೋಟ್‌ಬುಕ್ಕಿನಲ್ಲಿ ನೀನು ಹೇಳಿದ ಏಳನೇ ಪುಟ ಮಾತ್ರ ನೋಡಿದೆ. ಆದರೂ ಒಂದೆರಡು ಸಂಶಯ. ಹತ್ತೊಂಬತ್ತನೇ ಪುಟದಲ್ಲಿ, ಎದುರುಗಾಳಿ ಬಂದರೆ ಉಳಿದ ಮೂರು ದಂಡು ನಿಂತುಬಿಡುತ್ತವೆ, ಆಮೆ ಮಾತ್ರ ಅರ್ಧ ಕೋಲು ನಡೆಯುತ್ತದೆ ಅಂತ ಬರೆದಿದ್ದೀ. ಹಾಗಿದ್ದರೆ ಅದು ನಿಧಾನ ಹೇಗಾಯಿತು? ಎಲ್ಲರೂ ನಿಂತಾಗ ನಡೆಯುವವನು ನಿಧಾನದವನಲ್ಲ. ಆ ದಂಡು ಬೇಡ ಅಂದವರು ಆ ಪುಟ ಓದಿಲ್ಲ.

ಆಮೆ ನಡೆಸುವವನಿಗೆ ತಾಳ್ಮೆ ಇರಬೇಕು. ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಒಂದೊಂದೇ ಎಳೆ ಬಡಿದು ಕೂತವರ ತಾಳ್ಮೆ. ಹುಡುಕಿದರೆ ಅಂಥವರು ಸಿಗಲಿಕ್ಕಿಲ್ಲವೇ?

ಒಂದನೇ ಪುಟದಲ್ಲಿ ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಅಂತಿದೆ. ಮೇಲಿನ ಮಿತಿ ಬರೆದಿಲ್ಲ. ಬರೆಯುವುದು ಮರೆತಿಯೋ, ಇಲ್ಲವೇ ಇಲ್ಲವೋ?

ನೋಟ್‌ಬುಕ್ ಮುಂದಿನ ಸಲ ಕಳಿಸುತ್ತೇನೆ. ಅಳತೆಗೆ ಇನ್ನೂ ಬೇಕಾಗುತ್ತದೆ.

ತಿಮ್ಮಣ್ಣ


ನವನಗರ, ಬಾಗಲಕೋಟೆ
೧೧ ಜುಲೈ ೨೦೨೫

ಕಾಕಾ,

ನಿಮ್ಮ ಕಾಗದ ಓದಿ ಅಕೀಲ, "ನಿಮ್ಮ ಕಾಕಾ ವಕೀಲರ ಆಗಬೇಕಿತ್ತು ನೋಡು" ಅಂದ. ಹದಿನಾಲ್ಕು ಅಂತ ಹಾಕಿದ್ದು ಸಣ್ಣ ಮಕ್ಕಳು ಹಡಗು ನುಂಗಿಬಿಡುತ್ತಾರೆ ಅಂತ. ಮೇಲಿನ ಮಿತಿ ಏನಿಲ್ಲ, ದೊಡ್ಡವರು ನುಂಗುವುದಿಲ್ಲವಲ್ಲ.

ಸಿಹಿ ಸುದ್ದಿ! ನಾಲ್ಕನೆಯವನು ಸಿಕ್ಕ. ಬಾದಾಮಿಯ ನಮ್ಮ ದೊಡ್ಡವ್ವನ ಮಗ ಮಹಾಂತೇಶ. ನಿಮಗೆ ನೆನಪಿರಬೇಕು, ಲಾಜಿನಲ್ಲಿ ಮ್ಯಾನೇಜರ್ ಇದ್ದಾನೆ. ನಾಲ್ಕು ಸಲ ಫೋನ್ ಮಾಡಿದ ಮೇಲೆ ಹೂಂ ಅಂದ. ಆಮೆ ದಂಡು ಅವನಿಗೆ. ಆಗಸ್ಟ್ ಮೂವತ್ತೊಂದು ಭಾನುವಾರ, ಅವನಿಗೂ ರಜೆ, ನಮಗೂ ರಜೆ. ಅವತ್ತೇ ಮೊದಲ ಯುದ್ಧ.

ನೋಟ್‌ಬುಕ್ ದಯವಿಟ್ಟು ಕಳಿಸಿ. ಮಹಾಂತೇಶನಿಗೆ ನಿಯಮ ಕಲಿಸಬೇಕು.

ಪ್ರಿಯಾ


ಇಳಕಲ್
೨೦ ಜುಲೈ ೨೦೨೫

ಪ್ರಿಯದರ್ಶಿನಿಗೆ,

ಸಂತೋಷ. ಸಮುದ್ರ ನಡೆದಿದೆ. ಸ್ವಲ್ಪ ತಡವಾಗಬಹುದು.

ನೋಟ್‌ಬುಕ್ ಎಲ್ಲೋ ಇಟ್ಟಿದ್ದೇನೆ, ಸಿಕ್ಕಿದರೆ ಕಳಿಸುತ್ತೇನೆ.

ತಿಮ್ಮಣ್ಣ


ನವನಗರ, ಬಾಗಲಕೋಟೆ
೨೫ ಜುಲೈ ೨೦೨೫

ಕಾಕಾ,

ನಿಮ್ಮ ಕಾಗದ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಆಶೀರ್ವಾದ ಸಹ ಬರೆದಿಲ್ಲ ನೀವು. ತಪ್ಪು ನನ್ನದು. ಮದುವೆ ಸೀರೆಗಳ ಕೆಲಸ ಬದಿಗಿಟ್ಟು ನಮ್ಮ ಹುಡುಗಾಟಕ್ಕೆ ನಿಮ್ಮನ್ನು ಮಗ್ಗಕ್ಕೆ ಕೂರಿಸಿದೆ. ಈ ವಯಸ್ಸಿನಲ್ಲಿ ನಿಮಗೆ ಇಂಥ ಆಟಗಳ ಮೇಲೆ ಏನು ಆಸಕ್ತಿ ಇರಲು ಸಾಧ್ಯ? ನಾನು ಪುಟಗಟ್ಟಲೆ ಹಡಗು, ದಾಳ ಅಂತ ಬರೆದದ್ದು ನಿಮಗೆ ಬೇಸರ ತಂದಿರಬೇಕು.

ಆಗದಿದ್ದರೆ ಬಿಟ್ಟುಬಿಡಿ ಕಾಕಾ. ಇಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿಯವನನ್ನು ವಿಚಾರಿಸಿದ್ದೇನೆ. ಸಮುದ್ರದ ಫೋಟೋ ಕೊಟ್ಟರೆ ಅರ್ಧ ತಾಸಿನಲ್ಲಿ ಛಾಪಿಸಿ ಕೊಡುತ್ತಾನಂತೆ.

ಪ್ರಿಯಾ


ಇಳಕಲ್
೨೯ ಜುಲೈ ೨೦೨೫, ಪಂಚಮಿ

ಪ್ರಿಯಾ,

ಫ್ಲೆಕ್ಸ್!

ಬರ್ತ್‌ಡೇ ಬಾಯ್‌ಗಳ ಫೋಟೋ ಛಾಪಿಸುವ ಫ್ಲೆಕ್ಸ್ ಮೇಲೆ ಎಲುಬಿನ ಹಡಗು ನಡೆಸುತ್ತೀಯಾ? ದಾಳ ಬಿದ್ದರೆ ಜಾರಿ ಮೇಜಿನಿಂದ ಕೆಳಗೆ ಹೋಗುತ್ತದೆ. ಹೊಳಪಿಗೆ ಕಣ್ಣು ಕುಕ್ಕುತ್ತದೆ. ಎರಡು ಸಲ ಮಡಚಿದರೆ ಸಮುದ್ರದ ನಡುವೆ ಬಿಳೀ ಗೀರು ಬೀಳುತ್ತದೆ. ಇಳಕಲ್ಲಿನ ನೇಕಾರನ ಅಣ್ಣನ ಮಗಳು ಬರೆಯುವ ಮಾತೇ ಇದು? ಕಾಗದ ಓದುತ್ತಾ ನಾನು ಕೂಗಿದ್ದಕ್ಕೆ ಬಾಜೂ ಮನೆಯ ಚಂದ್ರವ್ವ ಪವರ್‌ಲೂಮ್ ನಿಲ್ಲಿಸಿ ಓಡಿ ಬಂದಳು.

ನನಗೆ ಬೇಸರ ಅಂತ ಯಾವ ಸಾಲಿನಲ್ಲಿ ಬರೆದಿದ್ದೆ, ತೋರಿಸು. ತಡವಾಗುತ್ತದೆ ಅಂದೆ, ಅಷ್ಟೆ. ತಡಕ್ಕೆ ಕಾರಣ ಬೇರೆ ಇದೆ, ಅದನ್ನು ಬರೆಯುವಂತಿಲ್ಲ.

ಸಮುದ್ರ ಇನ್ನೂ ಒಂದೂವರೆ ಮೊಳ ಉಳಿದಿದೆ. ಹತ್ತು ದಿನದಲ್ಲಿ ಮಗ್ಗದಿಂದ ಇಳಿಸುತ್ತೇನೆ. ಫ್ಲೆಕ್ಸ್ ಅಂಗಡಿಯ ಕಡೆ ಹೋಗಕೂಡದು.

ಶಾರವ್ವ ಪಂಚಮಿ ಉಂಡಿ ಕಟ್ಟುತ್ತಾ ಒಂದೇ ಮಾತು ಹೇಳುತ್ತಿದ್ದಾಳೆ, "ಬಾಯಿ ಬಿಟ್ಟು ಹೇಳ್ರಿ ಅಕಿಗೆ, ಬಾಯಿ ಬಿಟ್ಟು ಹೇಳ್ರಿ." ಏನು ಹೇಳುವುದು? ಏನೂ ಇಲ್ಲ.

ಆಶೀರ್ವಾದಗಳೊಂದಿಗೆ
ತಿಮ್ಮಣ್ಣ


ಇಳಕಲ್
೧೦ ಆಗಸ್ಟ್ ೨೦೨೫

ಚಿ. ಪ್ರಿಯದರ್ಶಿನಿಗೆ ಆಶೀರ್ವಾದಗಳು.

ಬಾಗಲಕೋಟೆಗೆ ಜವಳಿ ಒಯ್ಯುವ ನಾಗಲಿಂಗನ ಕೈಯಲ್ಲಿ ಗಂಟು ಕೊಟ್ಟಿದ್ದೇನೆ. ಬಿಚ್ಚಿ, ಬಿಸಿಲಿಗೆ ಹಿಡಿದು ನೋಡು. ಎರಡೂ ಅಂಚಿಗೆ ಕೆಂಪು ದಡಿ ಹಾಕಿದ್ದೇನೆ. ಗಂಟಿನಲ್ಲಿ ಉಂಡಿ ಇವೆ, ನಿಮ್ಮಪ್ಪನಿಗೂ ಕೊಡು.

ನಿನಗೂ ನಿನ್ನ ಗೆಳೆಯರಿಗೂ, ಆ ಬಾದಾಮಿಯ ಹುಡುಗನಿಗೂ ಆಟ ಚೆನ್ನಾಗಿ ಆಗಲಿ. ಎದುರುಗಾಳಿ ಬಂದಾಗ ಆಮೆಗಳನ್ನು ನಿಲ್ಲಿಸಬೇಡ ಅಂತ ಅವನಿಗೆ ಹೇಳು. ನಡುಗಡ್ಡೆಯ ಮಗ್ಗುಲಲ್ಲಿ ಸಾಲಾಗಿ ಒಯ್ಯಬೇಕು. ಅವನಿಗೆ ಯಾರಾದರೂ ಹೇಳದಿದ್ದರೆ ಮೊದಲ ತಾಸಿನಲ್ಲೇ ಎಲ್ಲ ಕಳೆದುಕೊಳ್ಳುತ್ತಾನೆ.

ತಿಮ್ಮಣ್ಣ


ನವನಗರ, ಬಾಗಲಕೋಟೆ
೧೩ ಆಗಸ್ಟ್ ೨೦೨೫

ಕಾಕಾ,

ಎಲ್ಲಿಂದ ಶುರು ಮಾಡಲಿ? ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿ ಈಗ ಬರೆಯಲು ಕೂತಿದ್ದೇನೆ.

ಗಂಟನ್ನು ಲ್ಯಾಬಿನಲ್ಲೇ ಬಿಚ್ಚಿದೆ. ಮೇಜಿನ ಮೇಲೆ ಸಮುದ್ರ ಹಾಸಿದೆ. ಈ ಕಡೆಯಿಂದ ನೀಲಿ, ಆ ಕಡೆ ಹೋಗಿ ನಿಂತರೆ ಹಸಿರು. ಅಕೀಲ ಮೇಜಿನ ಸುತ್ತ ಏಳು ಸುತ್ತು ಹಾಕಿದ. ಮಡಚಿದ್ದನ್ನು ಇನ್ನೂ ಬಿಚ್ಚುತ್ತಾ ಹೋದರೆ, ಕಾಕಾ, ಸಮುದ್ರಕ್ಕೆ ಸೆರಗು! ಒಂದೂವರೆ ಗೇಣು ಕೆಂಪು ರೇಷ್ಮೆ, ಅದರ ತುಂಬ ಕೋಟೆ ಗೋಡೆಯ ಹಲ್ಲುಗಳಂಥ ಬಿಳೀ ತೆನೆ! ಜಗತ್ತಿನಲ್ಲಿ ಎಲ್ಲಿಯಾದರೂ ಸೆರಗಿರುವ ಸಮುದ್ರ ಉಂಟೇ? ಅಳತೆ ಹೆಚ್ಚಾಯಿತು ಅಂದುಕೊಂಡೆ. ಕತ್ತರಿಸುವುದೇ ಅಂತ ಸಪ್ನಾಳ ಮುಖ ನೋಡಿದೆ. "ಕತ್ತರಿ ಮುಟ್ಟಿದರ ಕೈ ಮುರೀತೇನಿ. ಅದು ಸಮುದ್ರದ ದಂಡೀ. ಕೋಟಿ ಗ್ವಾಡಿ ಕಟ್ಟಿದ ಊರು. ಗೆದ್ದಾವರು ಅಲ್ಲಿ ಹೋಗಿ ಹಡಗ ನಿಲ್ಲಸೋದು" ಅಂದಳು. ಹಾಗೇ ಗೊತ್ತು ಮಾಡಿದೆವು. ಬೇರೆ ಯಾರ ಸಮುದ್ರಕ್ಕೂ ಅಂಥ ಊರಿಲ್ಲ.

ಸೆರಗಿನ ಮಡಿಕೆಯೊಳಗೆ ನನ್ನ ನೋಟ್‌ಬುಕ್ ಇತ್ತು. ನೀವು ಇಟ್ಟದ್ದಲ್ಲ ಅಂತ ಗೊತ್ತು, ಮೇಲೆ ಚಿಗವ್ವನ ಕೈಯ ಹಿಟ್ಟಿನ ಗುರುತಿದೆ.

ಕಾಕಾ, ಪ್ರತಿ ಪುಟದ ಅಂಚಿನಲ್ಲೂ ನಿಮ್ಮ ಪೆನ್ಸಿಲ್. "ಜೂನ್ ೨೯: ಆಮೆಗೆ ಲಾಳಿ ನಾಲ್ಕು, ಹಕ್ಕಿಗೆ ಕಂಡಿಕಿ ಎಂಟು. ಶಾರವ್ವ ಗೆದ್ದಳು." "ಜುಲೈ ೨: ಶಾರವ್ವ ಗೆದ್ದಳು. ದಾಳ ಸರಿಯಿಲ್ಲ." "ಜುಲೈ ೬: ಮತ್ತೆ ಶಾರವ್ವ. ಗಾಳಿ ಅವಳ ಕಡೆಯೇ ಬೀಸುತ್ತದೆ." "ಜುಲೈ ೧೩: ಮಗ್ಗದ ಮೇಲೆ ಕಾಣುವುದು ಒಂದೂವರೆ ಗೇಣು ಸಮುದ್ರ. ಯುದ್ಧ ಮುಗಿಯುವ ತನಕ ಬಟ್ಟೆ ಸುತ್ತುವಂತಿಲ್ಲ. ಇವತ್ತು ನೇಯ್ಗೆ ಆಗಲಿಲ್ಲ." ತಡಕ್ಕೆ ಬರೆಯಲಾಗದ ಕಾರಣ ಇದು! ಲಾಳಿ ಕಂಡಿಕಿಗಳನ್ನೇ ಹಡಗು ಮಾಡಿ ಹನ್ನೊಂದು ಯುದ್ಧ, ಒಂಬತ್ತು ಸೋಲು. ಕೊನೆಯ ಎರಡರಲ್ಲಿ ನೀವು ಗೆದ್ದಿದ್ದೀರಿ, ಅದನ್ನು ಎರಡೆರಡು ಗೆರೆ ಎಳೆದು ಬರೆದಿದ್ದೀರಿ.

ನಾನೆಂಥ ಮಡ್ಡಿ! ನೀವು ವಯಸ್ಸಿನ ಮಿತಿ ಕೇಳಿದಿರಿ, ನಾನು ಮಕ್ಕಳು ಹಡಗು ನುಂಗುವ ಮಾತು ಹೇಳಿದೆ. ತಾಳ್ಮೆಯವರು ಸಿಗಲಿಕ್ಕಿಲ್ಲವೇ ಅಂದಿರಿ, ನಾನು ಬಾದಾಮಿಗೆ ಫೋನ್ ಹಚ್ಚಿದೆ. ಈ ವಯಸ್ಸಿನಲ್ಲಿ ಆಸಕ್ತಿ ಇರಲು ಸಾಧ್ಯವೇ ಅಂತಲೂ ಬರೆದೆ. ಅದನ್ನು ನೆನೆದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ನಾನು ನಿಮ್ಮನ್ನು ಸಮುದ್ರ ಕೇಳಿದೆನೇ ಹೊರತು ಆಟಕ್ಕೆ ಕರೆಯಲಿಲ್ಲ.

ಮಹಾಂತೇಶನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಯಕ್ಕಾ, ನೀ ನಾಕ್ ಸಲ ಫೋನ್ ಮಾಡಿದ್ದಕ್ಕ ಹೂಂ ಅಂದೀನಿ. ನನಗ ಆಮಿನೂ ಬ್ಯಾಡ, ಮಸಳಿನೂ ಬ್ಯಾಡ. ಬಾಜೂಕ ಕುಂತು ಚುರುಮರಿ ತಿಂತೇನಿ" ಅಂದ. ದೊಡ್ಡ ಭಾರ ಇಳಿದವನ ಹಾಗೆ ನಕ್ಕ.

ಈಗ ಸರಿಯಾಗಿ ಕೇಳುತ್ತೇನೆ. ತಿಮ್ಮಣ್ಣ ಕಾಕಾ, ಆಗಸ್ಟ್ ಮೂವತ್ತೊಂದಕ್ಕೆ ನಮ್ಮ ಜೊತೆ ಆಡಲು ಬರುತ್ತೀರಾ? ನೇಕಾರರು ಅಂತಲ್ಲ. ನಾಲ್ಕನೆಯವರು ಅಂತ.

ಪ್ರಿಯಾ


ಇಳಕಲ್
೧೭ ಆಗಸ್ಟ್ ೨೦೨೫

ಪ್ರಿಯಾ,

ನಿನ್ನ ಕಾಗದ ನಿನ್ನೆ ಬಂತು. ನಾನು ಎರಡು ಸಲ ಓದಿದೆ. ಮೂರನೇ ಸಲ ಶಾರವ್ವ ಗಟ್ಟಿಯಾಗಿ ಓದಿದಳು, ಚಂದ್ರವ್ವನ ಮನೆಯವರೆಗೂ ಕೇಳಿಸಿತು. ನೋಟ್‌ಬುಕ್ ಇಟ್ಟದ್ದಕ್ಕೆ ಅವಳ ಮೇಲೆ ಸಿಟ್ಟು ಮಾಡಬೇಕೆಂದಿದ್ದೆ, ಸಿಟ್ಟು ಬರಲಿಲ್ಲ.

ಮೊದಲು ಸೆರಗಿನ ಮಾತು. ಸೆರಗು ಬೇಕೋ ಬೇಡವೋ ಅಂತ ಇಳಕಲ್ಲಿನಲ್ಲಿ ಯಾರೂ ಕೇಳುವುದಿಲ್ಲ, ನನಗೂ ಕೇಳಲು ತೋಚಲಿಲ್ಲ. ಶಾರವ್ವ ಎರಡು ದಿನ ಕೂತು ಕೆಂಪು ಎಳೆಗಳನ್ನು ನೀಲಿ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದಳು. ಸೆರಗಿಲ್ಲದೆ ಇಳಿಸಿದರೆ ಅದು ತುಂಡು, ನಾನು ತುಂಡು ನೇಯುವವನಲ್ಲ. ಅಳತೆ ಮಾತ್ರ ತಪ್ಪಿಲ್ಲ, ನೋಡಿಕೋ. ಸಮುದ್ರ ಆರು ಫೂಟು ಪೂರ್ತಿ ಇದೆ. ಸೆರಗು ಅದರ ಮೇಲಿನದು.

ಇನ್ನು ನೀನು ಕೇಳಿದ್ದು. ನಾನು ಹದಿನೆಂಟಕ್ಕೆ ಮಗ್ಗದ ಕುಣಿಗೆ ಇಳಿದವನು. ಮದುವೆಗೆ ನೇಯ್ದೆ, ಬಸುರಿಯ ಕುಬಸಕ್ಕೆ ನೇಯ್ದೆ, ತೊಟ್ಟಿಲಿಗೆ ನೇಯ್ದೆ. ಬಟ್ಟೆ ಮುಟ್ಟಿಸಿದ ಮೇಲೆ ನಮ್ಮ ಕೆಲಸ ಮುಗಿಯಿತು. ಆ ಮನೆಗಳಲ್ಲಿ ಆಮೇಲೆ ಏನೇನು ಸಂಭ್ರಮ ಆಯಿತೋ ನಮಗೆ ಗೊತ್ತಿಲ್ಲ. ಅದರಲ್ಲಿ ದುಃಖವೇನಿಲ್ಲ, ರಿವಾಜೇ ಹಾಗೆ. ಆದರೆ ಈ ಸಮುದ್ರವನ್ನು ಮಡಚಿ ನಾಗಲಿಂಗನ ಕೈಗೆ ಕೊಟ್ಟ ದಿನ ನನಗೆ ಭಾಳ ಕೆಟ್ಟೆನಿಸಿತು. ಮನೆಗೆ ಬಂದು ಖಾಲಿ ಮಗ್ಗದ ಮುಂದೆ ಸುಮ್ಮನೆ ಕೂತೆ. "ಹೋಗಿ ಊಟಾ ಮಾಡ್ರಿ" ಅಂತ ಶಾರವ್ವ ಮೂರು ಸಲ ಕರೆದಳು.

ನನಗೆ ಆಡಬೇಕಿತ್ತು, ಪ್ರಿಯಾ. ಮೊದಲ ಕಾಗದದಿಂದಲೂ. ಅರವತ್ತೊಂದು ವರ್ಷದವನು, ನನ್ನನ್ನೂ ಕರೆಯಿರಿ ಅಂತ ಹುಡುಗರಿಗೆ ಹೇಗೆ ಬರೆಯಲಿ? ನೀನು ಕರೆದಿ. ನನಗೆ ಎಷ್ಟು ಸಂತೋಷವಾಗಿದೆ ಅಂತ ಬರೆಯಲು ಬರುವುದಿಲ್ಲ. ನಿನ್ನೆಯಿಂದ ಲಾಳಿ ಎಸೆದರೆ ಹಿಡಿಯುವುದು ಮರೆಯುತ್ತಿದ್ದೇನೆ.

ಮೂವತ್ತೊಂದಕ್ಕೆ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಹುನಗುಂದದಲ್ಲಿ ಬಸ್ ಬದಲಿಸಿ ಹತ್ತರೊಳಗೆ ನಿಮ್ಮ ಮನೆಯಲ್ಲಿರುತ್ತೇವೆ. ಪೆಟ್ಟಿಗೆ ತಡವಾದರೂ ಆಟ ನಿಲ್ಲಬಾರದು, ನಾಲ್ಕು ದಂಡಿಗಾಗುವಷ್ಟು ಲಾಳಿ ಕಂಡಿಕಿ ಚೀಲಕ್ಕೆ ಹಾಕಿಕೊಂಡಿದ್ದೇನೆ. ಪೆಟ್ಟಿಗೆ ಬಂದಿದ್ದರೆ ಆಮೆಗಳಿಗೆ ಬಣ್ಣ ಹಚ್ಚಬೇಡಿ, ನಾನೇ ಹಚ್ಚುತ್ತೇನೆ. ಶಾರವ್ವ ನನ್ನ ಕಡೆ ಕೂರುವುದಿಲ್ಲವಂತೆ. ಸಪ್ನಾಳ ಬಾಜೂ ಕೂತು ಹಕ್ಕಿಗಳಿಗೆ ಬುದ್ಧಿ ಹೇಳುತ್ತಾಳಂತೆ. ಆಕೆ ಒಂಬತ್ತು ಸಲ ಗೆದ್ದವಳು, ಅಕೀಲನಿಗೆ ಹುಷಾರಾಗಿರಲು ಹೇಳು.

ನೀನು ನನ್ನ ಅಣ್ಣನ ಮಗಳು, ಆದ್ದರಿಂದ ಮುಂಚಿತವಾಗಿ ತಿಳಿಸುತ್ತಿದ್ದೇನೆ. ಮೊದಲು ನಿನ್ನ ಎಲುಬಿನ ಹಡಗುಗಳನ್ನೇ ಮುಳುಗಿಸುತ್ತೇನೆ. ಊಟ ಆಮೇಲೆ.

ನಾಲ್ಕನೆಯವನು,
ತಿಮ್ಮಣ್ಣ ಕಾಕಾ